ಬಾಬಾಬುಡನ್‌ಗಿರಿ: ‘ಸಮನ್ವಯ’ ಪದದ ಮಿತಿ

ಹಿರೇನಲ್ಲೂರು ಒಳಗೊಂಡ ಕಡೂರು ಸೀಮೆಗೆ ನೆರೆಯದಾದ ಬಾಬಾಬುಡನ್‌ಗಿರಿಯನ್ನು ಹಿಂದೂ-ಮುಸ್ಲಿಂ ‘ಸಮನ್ವಯ’ದ ನಿದರ್ಶನವೆಂದು ಗುರುತಿಸುವುದು ವಾಡಿಕೆ. ಈ ಪದ ಸದಾಶಯದ್ದಾದರೂ ಅಪೂರ್ಣವಾದುದು. ಪ್ರತ್ಯೇಕವಾಗಿದ್ದ ಎರಡು ಧರ್ಮಗಳು ಅನಂತರ ಕೂಡಿದವೆಂಬ ಗ್ರಹಿಕೆ ಅದರಲ್ಲಿ ಅಡಗಿದೆ.

1975ಕ್ಕೆ ಹಿಂದಿನ ಆಚರಣೆಗಳನ್ನು ನಿಗದಿಪಡಿಸಿದ ಧಾರ್ಮಿಕ ದತ್ತಿ ಆಯುಕ್ತರ 1989ರ ಆದೇಶ ಬೇರೊಂದು ಚಿತ್ರವನ್ನು ನೀಡುತ್ತದೆ. ಅದರಂತೆ ಗುಹೆಯಲ್ಲಿ ನಂದಾದೀಪ ಬೆಳಗುವುದು, ಉಭಯ ಸಮುದಾಯದ ಭಕ್ತರಿಗೂ ತೀರ್ಥ ನೀಡುವುದು ಶಾಖಾದ್ರಿ ಪರಂಪರೆಯ ಕರ್ತವ್ಯಗಳು. ದತ್ತಾತ್ರೇಯ ಪೀಠ, ದಾದಾ ಹಯಾತ್ ದರ್ಗಾ ಎಂದು ಭಕ್ತರು ಕರೆದ ಹೆಸರುಗಳು ಬೇರೆಯಾದರೂ ತೀರ್ಥ ನೀಡುವ ಕೈ ಒಂದೇ ಆಗಿತ್ತು.

ಆಚರಣೆಯು ಆದೇಶದ ಪಟ್ಟಿಯಾದೊಡನೆ ಭಕ್ತರ ಸಹಜ ನಡೆ ನ್ಯಾಯಾಲಯದ ಸಾಕ್ಷ್ಯವಾಗಿಬಿಡುತ್ತದೆ. ‘ಸ್ಥಳ ಯಾರದು?’ ಎಂಬುದು ದಾವೆಯ ಪ್ರಶ್ನೆ. ‘ಇಲ್ಲಿ ಯಾರು ಯಾರಿಗೆ ಏನನ್ನು ನೀಡುತ್ತಿದ್ದರು?’ ಎಂಬುದು ಜಾನಪದದ ಪ್ರಶ್ನೆ. ಎರಡನೆಯದನ್ನು ಕೈಬಿಟ್ಟ ಅಧ್ಯಯನ ಮೊದಲನೆಯದಕ್ಕೆ ಸಾಮಗ್ರಿ ಒದಗಿಸೀತೇ ಹೊರತು ಪರಂಪರೆಯನ್ನು ವಿವರಿಸಲಾರದು.