ಪುಸ್ತಕ ತೆರೆದಿಟ್ಟು ಪುಟ ಕಟ್ಟುವುದು

ಮಾಟುಂಗದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ವೆಬ್ ಡಿಸೈನಿನ ಹಳೆ ಪುಸ್ತಕ ಹುಡುಕುವಾಗ ನಾನು ಮೊದಲು ನೋಡುವುದು ಪೆನ್ಸಿಲ್ ಗುರುತುಗಳನ್ನು. ವಿಜೆಟಿಐ, ರುಯಿಯಾ, ಪೋದಾರ್ ಕಾಲೇಜುಗಳೆಲ್ಲ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಪರೀಕ್ಷೆ ಮುಗಿದ ಮೇಲೆ ಪುಸ್ತಕಗಳು ಆ ರಾಶಿಗೆ ಬಂದು ಬೀಳುತ್ತವೆ, ಕಾಲೇಜು ತೆರೆದಾಗ ಮತ್ತೆ ಬೇರೆಯವರ ಚೀಲ ಸೇರುತ್ತವೆ. ಹಿಂದಿನವರು ಎಲ್ಲಿಯವರೆಗೆ ಅಡಿಗೆರೆ ಎಳೆದಿದ್ದಾರೆ, ಯಾವ ಪುಟದಿಂದ ಕಾಗದ ಹೊಸದಾಗಿಯೇ ಉಳಿದಿದೆ ಎಂದು ನೋಡಿದರೆ ಆ ಪುಸ್ತಕ ಓದುಗನನ್ನು ಎಲ್ಲಿ ಕೈಬಿಟ್ಟಿತು ಎಂದು ತಿಳಿಯುತ್ತದೆ. ಬಹಳಷ್ಟು ಪ್ರತಿಗಳಲ್ಲಿ ಫಾರ್ಮ್‌ಗಳ ಅಧ್ಯಾಯಕ್ಕೆ ಬರುವಷ್ಟರಲ್ಲಿ ಗೆರೆ ನಿಂತುಹೋಗಿರುತ್ತದೆ. ಕೊನೆಯ ಅಭ್ಯಾಸದವರೆಗೂ ಟಿಪ್ಪಣಿ ಬರೆದ ಪ್ರತಿ ಸಿಕ್ಕರೆ ಬೆಲೆ ಚೌಕಾಸಿ ಮಾಡದೆ ತೆಗೆದುಕೊಳ್ಳಿ.

ಯೂಟ್ಯೂಬಿನಲ್ಲಿ ಎಲ್ಲವೂ ಇರುವಾಗ ಪುಸ್ತಕ ಯಾಕೆ ಎಂದು ಈ ಅಂಕಣದ ಓದುಗರು ಆಗಾಗ ಕೇಳುತ್ತಾರೆ. ವೀಡಿಯೊದಲ್ಲಿ ಓಡುವುದು ಇನ್ನೊಬ್ಬರ ಬೆರಳು. ನೋಡುತ್ತ ಕೂತವನಿಗೆ ಎಲ್ಲ ಅರ್ಥವಾದಂತೆ ಅನಿಸುತ್ತದೆ, ಖಾಲಿ ಫೈಲ್ ತೆರೆದ ಕೂಡಲೇ ಏನೂ ಬರುವುದಿಲ್ಲ. ಪುಸ್ತಕ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಮುಂದಿನ ಸಾಲಿಗೆ ಹೋಗಬೇಕಾದರೆ ನೀವೇ ಟೈಪ್ ಮಾಡಬೇಕು, ಒಂದು ಕೋನದ ಆವರಣ ಬಿಟ್ಟುಹೋದರೆ ಪುಟ ಕೆಡಬೇಕು, ಎಲ್ಲಿ ಬಿಟ್ಟಿತು ಎಂದು ನೀವೇ ಹುಡುಕಬೇಕು. ಕಲಿಕೆ ಆಗುವುದು ಆ ಹುಡುಕಾಟದಲ್ಲಿ. ಉದಾಹರಣೆಗಳನ್ನು ನಕಲು ಮಾಡಿ ಅಂಟಿಸುವವರಿಗೆ ಪುಸ್ತಕದಿಂದಲೂ ಏನೂ ಸಿಗುವುದಿಲ್ಲ.

ಮುಂಬಯಿಯಲ್ಲಿ ಈ ವಿದ್ಯೆ ಪುಸ್ತಕ ಹಿಡಿದೇ ಬೆಳೆಯಿತು. ಆಗ ಸರಕಾರಿ ಕಂಪನಿಯಾಗಿದ್ದ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದುಕೊಟ್ಟಿತು. ಆಗ ಸಂಪರ್ಕವನ್ನು ಗಂಟೆಯ ಲೆಕ್ಕದಲ್ಲಿ ಕೊಳ್ಳಬೇಕಿತ್ತು, ಅದರ ಮೇಲೆ ಫೋನ್ ಬಿಲ್ಲು ಬೇರೆ. ಅಷ್ಟು ದುಬಾರಿ ಗಂಟೆಗಳನ್ನು ಪಾಠ ಓದಲು ಯಾರು ಸುರಿಯುತ್ತಾರೆ? ಪುಸ್ತಕ ಓದಿ, ನೋಟ್‌ಪ್ಯಾಡಿನಲ್ಲಿ ಬರೆದು, ಮನೆಯ ಕಂಪ್ಯೂಟರಿನಲ್ಲೇ ಬ್ರೌಸರ್ ತೆರೆದು ನೋಡಿ, ಎಲ್ಲ ಸರಿಯಾದ ಮೇಲೆ ಸಂಪರ್ಕ ಸಾಧಿಸುವುದು ಆ ಕಾಲದ ಕ್ರಮ. ಲ್ಯಾಮಿಂಗ್ಟನ್ ರೋಡಿನಲ್ಲಿ ಮದರ್‌ಬೋರ್ಡು, ಮೋಡೆಮ್ಮುಗಳ ಜೊತೆಗೆ ಕಂಪ್ಯೂಟರ್ ಪುಸ್ತಕಗಳೂ ಮಾರಾಟವಾಗುತ್ತಿದ್ದವು. ಕಾಲೇಜು ಹುಡುಗರ ಕೈಯಲ್ಲಿ ಹೆಚ್ಚಾಗಿ ಕಾಣುತ್ತಿದ್ದದ್ದು ಮುಂಬಯಿಯವರೇ ಆದ ಐವನ್ ಬೇರಾಸ್ ಬರೆದು ಬಿಪಿಬಿ ಪ್ರಕಟಿಸಿದ ದಪ್ಪ ಪುಸ್ತಕ. ಎಚ್‌ಟಿಎಂಎಲ್, ಡಿಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಪರ್ಲ್, ಸಿಜಿಐ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕೊಟ್ಟ ಪುಸ್ತಕವದು. ಕಣ್ಣಿಗೆ ಚೆಂದವಿರಲಿಲ್ಲ; ಬೂದು ಕಾಗದ, ಇಕ್ಕಟ್ಟಾದ ಸಾಲು. ಆದರೆ ಆಜ್ಞೆ, ಉದಾಹರಣೆ, ಪರದೆಯ ಚಿತ್ರ, ಅಭ್ಯಾಸ ಎಂಬ ಅದರ ಸರಣಿ ಗಟ್ಟಿಯಾಗಿತ್ತು. ಈ ಊರಿನ ಒಂದು ತಲೆಮಾರಿನ ವೆಬ್ ಕೆಲಸಗಾರರಿಗೆ ಅಕ್ಷರಾಭ್ಯಾಸ ಮಾಡಿಸಿದ ಪುಸ್ತಕಗಳಲ್ಲಿ ಅದೂ ಒಂದು. ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ.

1996 ನಮಗೆ ನೆನಪಿರಬೇಕಾದ ವರ್ಷ. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು.ಬಿ. ಪವನಜ ಅವರು ಕನ್ನಡದ ಮೊದಲ ಅಂತರಜಾಲ ಪತ್ರಿಕೆ 'ವಿಶ್ವಕನ್ನಡ'ವನ್ನು ಆರಂಭಿಸಿದ್ದು ಆ ವರ್ಷ. ಅಂದರೆ ಕನ್ನಡದ ವೆಬ್ ಪುಟಕ್ಕೂ ಈ ಊರಿಗೂ ಕರುಳಬಳ್ಳಿಯ ಸಂಬಂಧವಿದೆ. ಯೂನಿಕೋಡ್ ಇನ್ನೂ ಮನೆಯ ಕಂಪ್ಯೂಟರುಗಳಿಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟ್ ಇತ್ತು, ಅದು ಓದುಗರ ಕಂಪ್ಯೂಟರಿನಲ್ಲೂ ಇರಬೇಕಿತ್ತು. ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಈ ತೊಡಕಿಗೆ ಅಂದಿನ ಯಾವ ಅಮೆರಿಕನ್ ಪುಸ್ತಕದಲ್ಲೂ ಪರಿಹಾರ ಇರಲಿಲ್ಲ. ಕನ್ನಡದಲ್ಲಿ ಪುಟ ಕಟ್ಟಿದವರು ದಾರಿಯನ್ನು ತಾವೇ ಕಡಿದುಕೊಂಡರು.

ಅದೇ 1996ರಲ್ಲಿ ಡೇವಿಡ್ ಸೀಗಲ್ ಅವರ 'ಕ್ರಿಯೇಟಿಂಗ್ ಕಿಲ್ಲರ್ ವೆಬ್ ಸೈಟ್ಸ್' ಬಂತು. ಲೆಕ್ಕ ಬರೆಯಲು ಇದ್ದ ಟೇಬಲ್ಲನ್ನು ಪುಟ ಹರಡುವ ಚೌಕಟ್ಟಾಗಿ ಬಳಸುವುದು, ಒಂದೇ ಪಿಕ್ಸೆಲ್ಲಿನ ಕಾಣದ ಚಿತ್ರವನ್ನು ಎಳೆದು ಖಾಲಿ ಜಾಗ ಮಾಡುವುದು ಅದರ ಉಪಾಯಗಳು. ಪುಟಗಳು ಚೆಂದ ಕಂಡವು, ಜಗತ್ತೆಲ್ಲ ಅನುಕರಿಸಿತು. ಅದೇ ವರ್ಷ ಡಿಸೆಂಬರ್ 17ರಂದು, ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಸಿಎಸ್‌ಎಸ್‌ನ ಮೊದಲ ಮಟ್ಟವನ್ನು ಅಂಗೀಕರಿಸಿತು. ವಿಷಯ ಒಂದು ಕಡೆ, ಅಲಂಕಾರ ಇನ್ನೊಂದು ಕಡೆ ಇರಲಿ ಎಂಬುದು ಅದರ ತತ್ವ. ಬ್ರೌಸರುಗಳು ಆ ತತ್ವಕ್ಕೆ ಸರಿಯಾಗಿ ಒಗ್ಗಲು ವರ್ಷಗಳೇ ಹಿಡಿದವು. 2003ರಲ್ಲಿ ಜೆಫ್ರಿ ಜೆಲ್ಡ್‌ಮನ್ ತಮ್ಮ 'ಡಿಸೈನಿಂಗ್ ವಿತ್ ವೆಬ್ ಸ್ಟ್ಯಾಂಡರ್ಡ್ಸ್'ನಲ್ಲಿ ಅದಕ್ಕಾಗಿ ಇನ್ನೂ ವಾದ ಮಾಡಬೇಕಾಗಿತ್ತು. ಹಳೆ ಪುಸ್ತಕ ಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರುವ ಇತಿಹಾಸ. ಟೇಬಲ್ಲಿನಲ್ಲಿ ಪುಟ ಹರಡಲು ಹೇಳುವ ಪುಸ್ತಕವನ್ನು ಅಲ್ಲೇ ಬಿಡಿ. ಸಿಎಸ್‌ಎಸ್‌ನ ಫ್ಲೋಟ್‌ನಲ್ಲಿ ಹರಡಲು ಹೇಳಿದರೆ ಆ ಅಧ್ಯಾಯ ಮಾತ್ರ ಬಿಡಿ, ಉಳಿದದ್ದು ಓದಿ. ಪುಟ ಹರಡಲೆಂದೇ ಇರುವ ಸಿಎಸ್‌ಎಸ್ ಗ್ರಿಡ್ ಪ್ರಮುಖ ಬ್ರೌಸರುಗಳಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕದಲ್ಲಿ ಅದರ ಪೂರ್ತಿ ಪಾಠ ನಿರೀಕ್ಷಿಸಬೇಡಿ.

ಈಗ ಹೊಸಬರಿಗೆ ನಾನು ಹೇಳುವುದು ಒಂದೇ ಹೆಸರು: ಜೆನಿಫರ್ ನೀಡರ್ಸ್ಟ್ ರಾಬಿನ್ಸ್ ಅವರ 'ಲರ್ನಿಂಗ್ ವೆಬ್ ಡಿಸೈನ್'. 2001ರಲ್ಲಿ ಮೊದಲು ಬಂದು, ವೆಬ್ ಬದಲಾದಂತೆಲ್ಲ ಪರಿಷ್ಕರಣೆಯಾಗುತ್ತ ಬಂದ ಪುಸ್ತಕ. 2018ರ ಐದನೇ ಆವೃತ್ತಿಯಲ್ಲಿ ಫ್ಲೆಕ್ಸ್‌ಬಾಕ್ಸ್, ಗ್ರಿಡ್ ಎರಡೂ ಇವೆ. ಇದರ ಪ್ರಕಾಶಕರಾದ ಒರೈಲಿಯ ಪುಸ್ತಕಗಳನ್ನು ನಮ್ಮ ಮುಂಬಯಿಯ ಶ್ರಾಫ್ ಪ್ರಕಾಶನ ಭಾರತದ ಬೆಲೆಗೆ ಮುದ್ರಿಸುತ್ತದೆ, ಆದರೆ ಹೆಚ್ಚಾಗಿ ಕಪ್ಪುಬಿಳುಪಿನಲ್ಲಿ. ಬಣ್ಣದ ಅಧ್ಯಾಯದಲ್ಲಿ ಕೆಂಪೂ ಹಸಿರೂ ಒಂದೇ ಬೂದು ಬಣ್ಣವಾಗಿ ಕಾಣುತ್ತವೆ. ಆ ಅಧ್ಯಾಯ ಓದುವಾಗ ಕಂಪ್ಯೂಟರ್ ಎದುರಿಗಿರಲಿ, ಪ್ರತಿ ಬಣ್ಣವನ್ನೂ ಪರದೆಯ ಮೇಲೆ ತಂದು ನೋಡಿ.

ಎಚ್‌ಟಿಎಂಎಲ್, ಸಿಎಸ್‌ಎಸ್ ಕಲಿಸುವ ಜಾನ್ ಡಕೆಟ್ ಅವರ 2011ರ ಪುಸ್ತಕವೂ ಬಹಳ ಜನಪ್ರಿಯ. ಪುಟ ಪುಟಕ್ಕೂ ಬಣ್ಣ, ಕಣ್ಣಿಗೆ ಹಬ್ಬ. ಭಯ ಬಿಡಿಸಲು ಒಳ್ಳೆಯದು, ಕೈ ಪಳಗಿಸಲು ಸಾಲದು. ಸ್ಟೀವ್ ಕ್ರುಗ್ ಅವರ 'ಡೋಂಟ್ ಮೇಕ್ ಮಿ ಥಿಂಕ್' ಬೇರೆಯೇ ಜಾತಿ. ಅದು ಕೋಡ್ ಕಲಿಸುವುದಿಲ್ಲ. ಪುಟಕ್ಕೆ ಬಂದವರು ಎಲ್ಲಿ ತಬ್ಬಿಬ್ಬಾಗುತ್ತಾರೆ ಎಂದು ನೋಡಲು ಕಲಿಸುತ್ತದೆ. ದೂರದ ವಿಮಾನ ಪ್ರಯಾಣದಲ್ಲಿ ಓದಿ ಮುಗಿಯುವಷ್ಟು ಸಣ್ಣದಾಗಿರಲಿ ಎಂದುಕೊಂಡೇ ಅವರು ಅದನ್ನು ಬರೆದರು. ಚರ್ಚ್‌ಗೇಟಿನಿಂದ ವಿರಾರಿಗೆ ಸ್ಲೋ ಗಾಡಿಯಲ್ಲಿ ಹೋಗಿಬರುವವರಿಗೆ ಕೆಲವೇ ದಿನಗಳ ಓದು, ಸೀಟು ಸಿಕ್ಕರೆ.

ರಾಬಿನ್ಸ್ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ನಾಲ್ಕನೇ ಅಧ್ಯಾಯ. ಅಲ್ಲಿ 'ಬ್ಲ್ಯಾಕ್ ಗೂಸ್ ಬಿಸ್ಟ್ರೊ' ಎಂಬ ಕಾಲ್ಪನಿಕ ಹೋಟೆಲಿಗೆ ಒಂದು ಪುಟವನ್ನು ಐದು ಹೆಜ್ಜೆಯಲ್ಲಿ ಕಟ್ಟುತ್ತಾರೆ. ಮೊದಲು ಬರೀ ಬರಹ, ಆಮೇಲೆ ದಸ್ತಾವೇಜಿನ ಚೌಕಟ್ಟು, ಆಮೇಲೆ ಯಾವುದು ಶೀರ್ಷಿಕೆ ಯಾವುದು ಪ್ಯಾರಾ ಎಂಬ ಗುರುತು, ಆಮೇಲೆ ಚಿತ್ರ, ಕಟ್ಟಕಡೆಗೆ ಬಣ್ಣ ಮತ್ತು ಅಕ್ಷರದ ಒಪ್ಪ. ಡೊಂಬಿವಲಿಯ ಹೋಟೆಲೊಂದರಲ್ಲಿ ಗಲ್ಲೆಯಲ್ಲಿ ಕೂರುವ ಹುಡುಗನೊಬ್ಬ ಈ ಪುಸ್ತಕ ಕಲಿಯಲು ರವಿವಾರ ನನ್ನಲ್ಲಿಗೆ ಬರುತ್ತಿದ್ದ. ಹಗಲು ಹೋಟೆಲಿನಲ್ಲಿ ದುಡಿದು ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹಿರಿಯರ ಊರಿನವನೇ. "ಅಣ್ಣಾ, ಪುಸ್ತಕದ ಹೋಟೆಲ್ ಬದಲು ನಮ್ಮ ಹೋಟೆಲೇ ಹಾಕಿದರೆ ಆಗ್ತದಾ?" ಎಂದು ಕೇಳಿದ. "ಹಾಕು ಮಾರಾಯ, ಕನ್ನಡದಲ್ಲೇ ಹಾಕು" ಎಂದೆ. ಆ ಪಾಠವನ್ನು ನಾನು ಈಗ ಎಲ್ಲರಿಗೂ ಹಾಗೆಯೇ ಮಾಡಿಸುತ್ತೇನೆ.

ಉಡುಪಿ ಹೋಟೆಲಿನ ಪಟ್ಟಿ ತೆಗೆದುಕೊಳ್ಳಿ: ಇಡ್ಲಿ, ನೀರುದೋಸೆ, ಗೋಳಿಬಜೆ, ಕಷಾಯ. ಸಾಲು ಸಾಲಾಗಿ ಬರೆದು ಬ್ರೌಸರಿನಲ್ಲಿ ತೆರೆದರೆ ಎಲ್ಲ ಒಂದೇ ಪ್ಯಾರಾ ಆಗಿ ಅಂಟಿಕೊಂಡಿರುತ್ತದೆ, ಯಾಕೆಂದರೆ ಬ್ರೌಸರಿಗೆ ನಿಮ್ಮ ಎಂಟರ್ ಕೀಲಿ ಲೆಕ್ಕಕ್ಕಿಲ್ಲ. ಇದು ಪುಸ್ತಕದಲ್ಲೂ ಇದೆ. ಕನ್ನಡದಲ್ಲಿ ಬರೆದವರಿಗೆ ಇನ್ನೊಂದು ಪಾಠ ಕಾದಿರುತ್ತದೆ. ಅಕ್ಷರಸಂಕೇತ ಯುಟಿಎಫ್-8 ಎಂದು ತಲೆಭಾಗದಲ್ಲಿ ಘೋಷಿಸದಿದ್ದರೆ ಇಡ್ಲಿಯ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಬರಬಹುದು. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟು ಬೇಕು. ಬ್ರೌಸರ್ ಅದನ್ನು ಒಂಟಿ ಬೈಟುಗಳಾಗಿ ಓದಿದರೆ ಒಂದರ ಬದಲು ಮೂರು ಚಿಹ್ನೆ ಕಾಣುತ್ತವೆ. ಇಂಗ್ಲಿಷಿನಲ್ಲಿ ಕಲಿಯುವವರು ಆ ಘೋಷಣೆಯ ಸಾಲನ್ನು ಕಂಠಪಾಠ ಮಾಡುತ್ತಾರೆ; ಕನ್ನಡದಲ್ಲಿ ಕಲಿಯುವವರಿಗೆ ಅದು ಯಾಕೆ ಬೇಕೆಂದು ಕಣ್ಣಾರೆ ತಿಳಿಯುತ್ತದೆ. ಜೊತೆಗೆ ಪುಟದ ಭಾಷೆ ಕನ್ನಡ ಎಂದು ಲ್ಯಾಂಗ್ ಗುಣದಲ್ಲಿ 'ಕೆಎನ್' ಎಂದು ಬರೆಯಿರಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ಯಾವ ದನಿ ಬಳಸಬೇಕೆಂದು ಅದರಿಂದಲೇ ತಿಳಿದುಕೊಳ್ಳುತ್ತದೆ.

ಐದನೇ ಹೆಜ್ಜೆಗೆ ಬಂದಾಗ ಇಂಗ್ಲಿಷ್ ಪುಟದ ಅಂಕಿಗಳನ್ನು ನಾವು ಮತ್ತೆ ಅಳೆಯಬೇಕು. ಶೀರ್ಷಿಕೆಗೆ ಲೈನ್-ಹೈಟ್ (ಸಾಲಿನ ಎತ್ತರ) 1.2 ಇಂಗ್ಲಿಷಿಗೆ ಚೆನ್ನ. 'ಶ್ರೀಕೃಷ್ಣ ಉಪಾಹಾರ ಗೃಹ' ಎಂಬ ಹೆಸರು ಫೋನಿನ ಪರದೆಯಲ್ಲಿ ಎರಡು ಸಾಲಾದಾಗ ನೋಡಿ: ಮೇಲಿನ ಸಾಲಿನ ವಟ್ರಸುಳಿ, ಣಕಾರದ ಒತ್ತು ಇಳಿದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವಂತೆ ಬರುತ್ತವೆ. ಶೀರ್ಷಿಕೆಗೆ 1.5, ಒಳಬರಹಕ್ಕೆ 1.7ರಿಂದ 1.8 ಇಟ್ಟರೆ ಕನ್ನಡ ಉಸಿರಾಡುತ್ತದೆ. ಅಕ್ಷರದ ಗಾತ್ರ 16 ಪಿಕ್ಸೆಲ್ ಇದ್ದರೆ ಒತ್ತುಗಳು ಕಣ್ಣಿಗೆ ತ್ರಾಸ ಕೊಡುತ್ತವೆ, 18 ಇರಲಿ. ಎಲ್ಲ ದೊಡ್ಡಕ್ಷರ ಮಾಡುವ ಆಜ್ಞೆ ನಮ್ಮಲ್ಲಿ ಏನೂ ಮಾಡುವುದಿಲ್ಲ. ಇಟಾಲಿಕ್ ಕೇಳಿದರೆ, ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಅದು ಇಲ್ಲದ ಕಾರಣ, ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಓರೆಯಾಗಿ ತಳ್ಳುತ್ತದೆ. ಒತ್ತಿ ಹೇಳಬೇಕಾದಲ್ಲಿ ಬಣ್ಣವೋ ದಪ್ಪ ಅಕ್ಷರವೋ ಸಾಕು.

ಸಾಲಿನ ಉದ್ದದ ವಿಷಯ ಇನ್ನೂ ಸೂಕ್ಷ್ಮ. ಒಂದು ಸಾಲಿನಲ್ಲಿ 45ರಿಂದ 75 ಅಕ್ಷರ ಇರಲಿ ಎಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ 'ರಾಷ್ಟ್ರ' ಎಂಬುದು ಕಣ್ಣಿಗೆ ಎರಡೇ ಅಕ್ಷರ, ಕಂಪ್ಯೂಟರಿಗೆ ಏಳು ಸಂಕೇತ. ಅಗಲವನ್ನು 'ಸಿಎಚ್' ಮಾನದಲ್ಲಿ ಕೊಟ್ಟರೂ ಅದು ಅಳೆಯುವುದು ಸೊನ್ನೆ ಅಂಕಿಯ ಅಗಲವನ್ನು. ಅದಕ್ಕೇ ನಾನು ಪದದ ಲೆಕ್ಕ ಹಿಡಿಯುತ್ತೇನೆ: ದೊಡ್ಡ ಪರದೆಯಲ್ಲಿ ಸಾಲಿಗೆ ಏಳೆಂಟು ಪದ. ಕನ್ನಡದ ಪದಗಳು ಸಮಾಸ, ವಿಭಕ್ತಿ ಸೇರಿ ಉದ್ದವಾಗುವುದರಿಂದ ಫೋನಿನಲ್ಲಿ ಎರಡೂ ಬದಿ ಸರಿದೂಗಿಸುವ ಜಸ್ಟಿಫೈ ಮಾಡಲೇಬೇಡಿ. ಪದಗಳ ನಡುವೆ ಹೊಂಡ ಬೀಳುತ್ತದೆ. ಎಡಕ್ಕೆ ಒರಗಿಸಿ, ಬಲಗಡೆ ಏರಿಳಿತ ಇರಲಿ.

ಫಾಂಟಿನ ಆಯ್ಕೆಗೆ ಮುಂಬಯಿಗರು ದೂರ ನೋಡಬೇಕಾಗಿಲ್ಲ. ವಿಂಡೋಸ್ ಎಕ್ಸ್‌ಪಿ ಜೊತೆ 2001ರಲ್ಲಿ ಬಂದ ಕನ್ನಡದ ತುಂಗಾ ಫಾಂಟ್, ಜುಹೂವಿನ ಎನ್‌ಸಿಎಸ್‌ಟಿ ಸಂಶೋಧನಾ ಸಂಸ್ಥೆಯಲ್ಲಿ ಭಾರತೀಯ ಲಿಪಿಗಳಿಗಾಗಿ ದುಡಿದ ರಘುನಾಥ ಜೋಶಿಯವರ ನಿರ್ದೇಶನದಲ್ಲಿ ರೂಪುಗೊಂಡದ್ದು. ಕನ್ನಡ ಕೀಲಿಮಣೆಯ ಕ್ರಮ ಹಾಕಿಕೊಟ್ಟ ಕೆ.ಪಿ. ರಾವ್ ಅವರೂ ಈ ಊರಿನಲ್ಲಿ ದುಡಿದವರೇ. ಈಗ ಮುಂಬಯಿಯ ಏಕ್ ಟೈಪ್ ತಂಡ ಬಲೂ ತಮ್ಮ, ಅನೇಕ್ ಕನ್ನಡ ಎಂಬ ಮುಕ್ತ ಫಾಂಟುಗಳನ್ನು ಕೊಟ್ಟಿದೆ. ಬಲೂ ತಮ್ಮ ದುಂಡಗೆ ತುಂಬಿಕೊಂಡ ಅಕ್ಷರ. ಹೋಟೆಲಿನ ಹೆಸರಿಗೆ, ಅಂಗಡಿಯ ಹಲಗೆಗೆ ಹೇಳಿ ಮಾಡಿಸಿದ್ದು, ಉದ್ದ ಲೇಖನಕ್ಕೆ ಬೇಡ. 2022ರಲ್ಲಿ ಬಂದ ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಒಂದೇ ಫೈಲಿನಲ್ಲಿ ಬೇಕಾದಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಪಟ್ಟಿಯಲ್ಲಿ ತಿಂಡಿಯ ಹೆಸರು ಉದ್ದವಾಗಿ ಬೆಲೆಯ ಕಾಲಂ ತುಳಿಯುವಾಗ ಈ ಸೌಲಭ್ಯದ ಬೆಲೆ ತಿಳಿಯುತ್ತದೆ.

ನಾನು ಓದಿದ ವೆಬ್ ವಿನ್ಯಾಸದ ಇಂಗ್ಲಿಷ್ ಪುಸ್ತಕಗಳಲ್ಲಿ ಕನ್ನಡದ ಈ ಲೆಕ್ಕ ಯಾವುದೂ ಇಲ್ಲ, ಇರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಕನ್ನಡ ಪುಟಕ್ಕಾಗಿ ಕನ್ನಡದಲ್ಲೇ ಒಂದು ಅಭ್ಯಾಸ ಪುಸ್ತಕ ಆಗಬೇಕು. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಪೊವಾಯಿಯ ಐಐಟಿಯಲ್ಲಿ ವಿನ್ಯಾಸ ಕಲಿಸುವ ಐಡಿಸಿ, ಅಕ್ಷರ ಕೊರೆಯುವ ತಂಡ ಎಲ್ಲ ಒಂದೇ ಊರಿನಲ್ಲಿರುವಾಗ ಆ ಪುಸ್ತಕ ಇಲ್ಲಿಂದಲೇ ಬರಬಹುದು. ಹೋಟೆಲಿನ ಪಟ್ಟಿ, ಸಂಘದ ವಾರ್ಷಿಕೋತ್ಸವದ ಕರೆಯೋಲೆ, ಯಕ್ಷಗಾನ ಮಂಡಳಿಯ ಪ್ರದರ್ಶನದ ದಿನಾಂಕಗಳು, ಮದುವೆಯ ಆಮಂತ್ರಣ: ಇವೇ ಅದರ ಅಭ್ಯಾಸಗಳಾಗಲಿ. ಅದರಲ್ಲಿ ಲೈನ್-ಹೈಟ್‌ಗೆ ಒಂದು ಇಡೀ ಅಧ್ಯಾಯ ಬೇಕು, ಫಾಂಟು ಫಾಂಟಿಗೂ ಅಂಕಿ ಬೇರೆಯಾಗುವುದರಿಂದ ಒಂದು ಕೋಷ್ಟಕವೂ ಬೇಕು. ನಾನು ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಮತ್ತು ಬಲೂ ತಮ್ಮಗಳಿಗೆ ಅಂಥದೊಂದು ಕೋಷ್ಟಕ ಶುರುಮಾಡಿದ್ದೇನೆ. ನಿಮ್ಮ ಫೋನಿನಲ್ಲಿ ಯಾವ ಫಾಂಟಿಗೆ ಯಾವ ಅಂಕಿ ಹೊಂದಿತು, ಎಲ್ಲಿ ಒತ್ತು ತಾಗಿತು ಎಂದು ಪತ್ರಿಕೆಯ ವಿಳಾಸಕ್ಕೆ ಬರೆದು ಕಳಿಸಿ.