ಸಂಶೋಧನಪ್ರಬಂಧಗಳಲ್ಲಿ ಆಕರನಿರ್ದೇಶ

ಅನ್ಯರ ವಾಕ್ಯಗಳನ್ನು ತನ್ನವೆಂಬಂತೆ ಬರೆದುಕೊಳ್ಳುವುದು ಚೌರ್ಯವೆಂಬುದರಲ್ಲಿ ವಿದ್ವಾಂಸರಿಗೆ ವಿವಾದವಿಲ್ಲ. ಆದರೆ ನಮ್ಮ ವಿದ್ಯಾರ್ಥಿಗಳ ಸಂಶೋಧನಪ್ರಬಂಧಗಳಲ್ಲಿ ಅದಕ್ಕಿಂತಲೂ ಸೂಕ್ಷ್ಮವಾದ ದೋಷವೊಂದು ಕಂಡುಬರುತ್ತದೆ. ತಾನು ನೋಡದ ಗ್ರಂಥವನ್ನು ನೋಡಿದಂತೆ ಅಡಿಟಿಪ್ಪಣಿಯಲ್ಲಿ ಹೆಸರಿಸುವುದೇ ಆ ದೋಷವು.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ವಿಧಿಸಿದ ನಿಯಮಗಳಂತೆ, ಪ್ರಬಂಧದಲ್ಲಿ ಅನ್ಯಲೇಖನಗಳೊಡನೆ ಸಾಮ್ಯವು ಶೇಕಡ 10ರ ವರೆಗೆ ದಂಡಾರ್ಹವಲ್ಲ. ಶೇಕಡ 60ನ್ನು ಮೀರಿದರೆ ನೋಂದಣಿಯೇ ರದ್ದಾಗತಕ್ಕದ್ದು. ನಿಯಮವೇನೋ ಉಪಯುಕ್ತವಾದುದೆ. ಆದರೆ ಗಣಕಯಂತ್ರವು ಅಕ್ಷರಸಾಮ್ಯವನ್ನು ಎಣಿಸಬಲ್ಲುದಲ್ಲದೆ, ಲೇಖಕನು ಗ್ರಂಥವನ್ನು ತೆರೆದು ನೋಡಿದನೋ ಇಲ್ಲವೋ ಎಂಬುದನ್ನು ಹೇಳಲಾರದು.

ಒಂದು ನಿದರ್ಶನವನ್ನು ನೋಡಬಹುದು. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳು ಕ್ರಮವಾಗಿ 1907, 1919 ಮತ್ತು 1929ರಲ್ಲಿ ಪ್ರಕಟವಾದುವು. ವಿದ್ಯಾರ್ಥಿಯು ಅದರಿಂದ ಪದ್ಯವೊಂದನ್ನು ಎತ್ತಿಕೊಂಡು ಮೂಲಕಾವ್ಯದ ಹೆಸರನ್ನು ಮಾತ್ರ ಬರೆದನೆನ್ನೋಣ. ಉದ್ಧೃತಪಾಠದಲ್ಲಿ ತಪ್ಪೇನಾದರೂ ಇದ್ದರೆ, ಆ ತಪ್ಪಿಗೆ ಈಗ ಎರಡನೆಯ ಸ್ವತಂತ್ರ ಸಾಕ್ಷಿಯು ದೊರೆತಂತಾಯಿತು. ಹತ್ತು ಮಂದಿ ಹೀಗೆ ಬರೆದರೆ ಒಂದೇ ಸಾಕ್ಷಿಯು ಹತ್ತಾಗಿ ತೋರುವುದು. ಮೊದಲನೆಯ ಸಂಪುಟವು 1924ರಲ್ಲಿ ಪರಿಷ್ಕೃತವಾಗಿರುವುದರಿಂದ, ಕವಿಚರಿತೆಯನ್ನು ಹೆಸರಿಸುವವರು ಮುದ್ರಣದ ವರ್ಷವನ್ನೂ ಹೇಳುವುದು ಆವಶ್ಯಕ.

ಮೂಲವನ್ನು ಹೇಳದಿದ್ದರೆ ಆಗುವ ನಷ್ಟಕ್ಕೆ ನಮ್ಮ ಪ್ರಾಚೀನ ಸಾಹಿತ್ಯದಲ್ಲಿಯೇ ಪ್ರಮಾಣವಿದೆ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನು 'ಸೂಕ್ತಿಸುಧಾರ್ಣವ'ದಲ್ಲಿ ಪೂರ್ವಕವಿಗಳ ಪದ್ಯಗಳನ್ನು ಸಂಗ್ರಹಿಸಿ ಮಹೋಪಕಾರವನ್ನು ಮಾಡಿದನು. ಆದರೆ ಪದ್ಯಗಳೊಡನೆ ಕವಿಕಾವ್ಯಗಳ ಹೆಸರನ್ನು ಸಾಮಾನ್ಯವಾಗಿ ಹೇಳಲಿಲ್ಲ. ಉಪಲಬ್ಧ ಕಾವ್ಯಗಳ ಪದ್ಯಗಳನ್ನು ಹೋಲಿಸಿ ಗುರುತಿಸಬಹುದು. ಕಾವ್ಯವೇ ನಷ್ಟವಾಗಿದ್ದಲ್ಲಿ ಪದ್ಯವು ಉಳಿದೂ ಕವಿಯು ಅಳಿದಂತಾಯಿತು. ಅವನ ಮಗನಾದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಒಂದೊಂದು ಪ್ರಯೋಗಕ್ಕೂ ಮೂಲವನ್ನು ಹೇಳದಿದ್ದರೂ, ತನಗೆ ಲಕ್ಷ್ಯರಾದ ಕವಿಗಳನ್ನು ಗ್ರಂಥಾರಂಭದಲ್ಲಿ ಹೆಸರಿಸಿದ್ದಾನೆ. ಅವರಲ್ಲಿ ಗಜಗ, ಗುಣನಂದಿ, ಮನಸಿಜರ ಕೃತಿಗಳು ನಮಗೆ ದೊರೆತಿಲ್ಲ, ಹೆಸರುಗಳಾದರೂ ಉಳಿದುವು.

ಪ್ರಾಚೀನರು ಪರಸ್ಪರ ಧಾರಾಳವಾಗಿ ತೆಗೆದುಕೊಳ್ಳುತ್ತಿದ್ದರಲ್ಲವೆ, ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಶಬ್ದಾರ್ಥಹರಣದ ಭೇದಗಳನ್ನೇ ವಿವರಿಸಿಲ್ಲವೆ, ಎಂದು ಕೆಲವರು ಆಕ್ಷೇಪಿಸಬಹುದು. ನಿಜ; ಆದರೆ ಕವಿಯ ಪ್ರಯೋಜನವು ರಸ, ಸಂಶೋಧಕನ ಪ್ರಯೋಜನವು ಪ್ರಮಾಣ. ಪ್ರಮಾಣದ ಮೂಲವನ್ನು ಮರೆಮಾಡಿದ ಮೇಲೆ ಸಂಶೋಧನೆಯೆಂಬುದು ಉಳಿಯುವುದಿಲ್ಲ.

ಆದುದರಿಂದ ಮೂಲವನ್ನು ಕಾಣದವನು 'ಇಂಥ ಗ್ರಂಥದ ಇಂಥ ಪುಟದಲ್ಲಿ ಉದ್ಧೃತವಾದಂತೆ' ಎಂದು ಬರೆಯಲಿ. ಅದರಿಂದ ಅವನ ಗೌರವಕ್ಕೆ ಕುಂದಿಲ್ಲ. ಅಧ್ಯಾಪಕರಾದರೋ ಪ್ರಬಂಧವನ್ನು ಅಂಗೀಕರಿಸುವ ಮುನ್ನ ಎರಡು ಮೂರು ಟಿಪ್ಪಣಿಗಳನ್ನು ಆರಿಸಿ, ಆಯಾ ಗ್ರಂಥದ ಆಯಾ ಪುಟವನ್ನು ವಿದ್ಯಾರ್ಥಿಯಿಂದಲೇ ತೆಗೆಯಿಸಿ ನೋಡತಕ್ಕದ್ದು. ಯಂತ್ರದಿಂದ ಆಗದ ಪರೀಕ್ಷೆಯು ಇಷ್ಟರಿಂದಲೇ ಆಗುವುದು.