ಹದಿನೈದರಿಂದ ನಲವತ್ತೊಂಬತ್ತು

2019ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ನಮ್ಮ ಬೀದಿಗೆ ಬಂದಾಗ ನಾವು ಪಕ್ಕದ ಮನೆಯ ಜಗಲಿಯ ಮೇಲೆ ಖಾಲಾ ಜೊತೆ ಕೂತಿದ್ದೆವು. ಬಂದ ಹುಡುಗಿಯರು ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಂದ, ಒಲೆಗೆ ಏನು ಉರಿಸುತ್ತೀರಿ ಎಂದೆಲ್ಲ ಕೇಳಿಕೊಂಡರು. ಆಮೇಲೆ ಸೊಸೆಯನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದರು. ಒಂದು ತಾಸು ಮಾತುಕತೆ. ಹೊರಬಂದ ಮೇಲೆ ಎಪ್ಪತ್ತು ದಾಟಿದ ಖಾಲಾ ಅವರ ತೋಳಿಗೆ ಪಟ್ಟಿ ಸುತ್ತಿ ಬೀಪಿ ನೋಡಿದರು, ಬೆರಳು ಚುಚ್ಚಿ ಶುಗರ್ ನೋಡಿದರು, ಚೀಟಿಯಲ್ಲಿ ಅಂಕಿ ಬರೆದುಕೊಟ್ಟು ಹೊರಟರು. ಖಾಲಾ ಸೆರಗಿನಿಂದ ಬೆರಳು ಒತ್ತಿಕೊಳ್ಳುತ್ತ, 'ಮೇರೆಕು ಕುಚ್ ಪೂಛೇಚ್ ನೈ, ಖೂನ್ ಲೇಕೊ ಗಏ' ಎಂದರು. ನನ್ನನ್ನು ಏನೂ ಕೇಳಲೇ ಇಲ್ಲ, ರಕ್ತ ತಗೊಂಡು ಹೋದರು ಅಂತ.

ಹುಡುಗಿಯರದ್ದು ತಪ್ಪಿರಲಿಲ್ಲ. ಅವರ ಕೈಯಲ್ಲಿದ್ದ ಪ್ರಶ್ನಾವಳಿಯೇ ಹಾಗಿತ್ತು. 1992-93ರಲ್ಲಿ ಶುರುವಾದ ಈ ಸಮೀಕ್ಷೆ ಹೆಣ್ಣಿನ ಮುಂದೆ ಕೂತು ವಿವರವಾಗಿ ಕೇಳುವುದು ಆಕೆಗೆ 15ರಿಂದ 49 ವಯಸ್ಸಾಗಿದ್ದರೆ ಮಾತ್ರ. ಅಂದರೆ ಹೆರುವ ವಯಸ್ಸು. ಜನಸಂಖ್ಯೆಯ ಚಿಂತೆಯಿಂದ ಹುಟ್ಟಿದ ಸಮೀಕ್ಷೆಗೆ ಹೆಣ್ಣು ಎಂದರೆ ಬಸಿರು, ಬಾಣಂತನ, ಮಕ್ಕಳ ನಡುವಿನ ಅಂತರ. ಐದನೆಯ ಸುತ್ತಿನಲ್ಲಿ, ಅಂದರೆ 2019-21ರಲ್ಲಿ, ಬೀಪಿ ಮತ್ತು ಶುಗರ್ ಪರೀಕ್ಷೆಯನ್ನು 15 ದಾಟಿದ ಎಲ್ಲರಿಗೂ ವಿಸ್ತರಿಸಿದರು. ಖಾಲಾ ಅವರ ಬೆರಳು ಹಾಗೆ ಲೆಕ್ಕಕ್ಕೆ ಬಂತು. ಬಾಯಿ ಬರಲಿಲ್ಲ. ಗಂಡಸರ ಸ್ಥಿತಿ ಇನ್ನೂ ಒಂದು ಬಗೆಯದು. ಆ ಸುತ್ತಿನಲ್ಲಿ ದೇಶದಾದ್ಯಂತ ಏಳು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಮಾತನಾಡಿಸಿದವರು, ಮಾತನಾಡಿಸಿದ ಗಂಡಸರು ಸುಮಾರು ಒಂದು ಲಕ್ಷ.

ಸರಕಾರಕ್ಕೆ ಈ ಕೊರತೆ ಗೊತ್ತಿಲ್ಲ ಎಂದಲ್ಲ. 2016-18ರಲ್ಲಿ ಹುಟ್ಟಿದ ಕೂಸಿನಿಂದ 19ರವರೆಗಿನ ಮಕ್ಕಳ ಪೌಷ್ಟಿಕತೆಗೆಂದೇ ಒಂದು ರಾಷ್ಟ್ರೀಯ ಸಮೀಕ್ಷೆ ನಡೆಯಿತು. 2017-18ರಲ್ಲಿ 45 ದಾಟಿದವರು, ಅವರ ಬಾಳಸಂಗಾತಿಗಳು ಸೇರಿ ಎಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದ ಇನ್ನೊಂದು ಸಮೀಕ್ಷೆ, ಲಾಸಿ ಎಂಬುದು, ನಡೆಯಿತು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಮಗುವಿಗೆ ಒಂದು ಪುಸ್ತಕ, ತಾಯಿಗೆ ಒಂದು, ಅಜ್ಜಿಗೆ ಒಂದು ಎಂದು ಮಾಡಿದ ಮೇಲೆ ಮೂವರೂ ಒಂದೇ ಅನ್ನದ ಪಾತ್ರೆಯ ಸುತ್ತ ಕೂರುತ್ತಾರೆಂಬುದು ಯಾವ ಪುಸ್ತಕದಲ್ಲಿ ಸಿಗುತ್ತದೆ? ಅಜ್ಜಿಯ ಮಾತ್ರೆಗೆ ದುಡ್ಡು ಹೋದ ತಿಂಗಳು ಮಗುವಿನ ಮೊಟ್ಟೆ ನಿಲ್ಲುತ್ತದೆ. ಅಜ್ಜಿ ಹಾಸಿಗೆ ಹಿಡಿದರೆ ಶಾಲೆ ಬಿಡುವುದು ಮೊಮ್ಮಗಳು. ಕಥೆ ಬರೆಯುವ ನಮ್ಮಂಥವರಿಗೆ ಇದೇ ಕಥೆಯ ವಸ್ತು. ಆರೋಗ್ಯದ ವಸ್ತುವೂ ಇದೇ ಎಂದು ನಮ್ಮ ತಕರಾರು.

ಇನ್ನು ಅಂಕಿಗಳ ಮಾತು. ಕರ್ನಾಟಕದಲ್ಲಿ 15ರಿಂದ 49ರ ಹೆಂಗಸರಲ್ಲಿ ರಕ್ತಹೀನತೆ 2015-16ರಲ್ಲಿ ಶೇ. 44.8 ಇದ್ದದ್ದು ಐದನೆಯ ಸುತ್ತಿನಲ್ಲಿ ಶೇ. 47.8 ಆಯಿತು. ಇದು ರಕ್ತದ ಹನಿ ಹೇಳಿದ ಲೆಕ್ಕ. ಬಾಯಿಮಾತಿನ ಲೆಕ್ಕ ಬೇರೆ ಥರ. ಗಂಡನಿಂದ ಎಂದಾದರೂ ಹಿಂಸೆ ಅನುಭವಿಸಿದ್ದೇವೆ ಎಂದವರು ಇದೇ ರಾಜ್ಯದಲ್ಲಿ ಶೇ. 20.6ರಿಂದ ಶೇ. 44.4ಕ್ಕೆ ಏರಿದರು. ನಾಲ್ಕು ವರ್ಷದಲ್ಲಿ ಕನ್ನಡ ನಾಡಿನ ಗಂಡಂದಿರು ಇಮ್ಮಡಿ ಕ್ರೂರಿಗಳಾದರೇ? ನಮಗೆ ನಂಬಿಕೆಯಿಲ್ಲ. ಮೊದಲ ಸಲ ಹೇಳದೆ ಉಳಿದ ಎಷ್ಟೋ ಬಾಯಿಗಳು ಎರಡನೆಯ ಸಲ ತೆರೆದಿರಬಹುದು. ಕೇಳಿದವಳು ಯಾರು, ಬಾಗಿಲು ಮುಚ್ಚಿತ್ತೇ, ಅತ್ತೆ ಹೊಸ್ತಿಲಲ್ಲಿ ನಿಂತಿದ್ದರೇ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಏಕಾಂತ ಸಿಗದಿದ್ದರೆ ಆ ಪ್ರಶ್ನೆಗಳನ್ನು ಕೇಳಕೂಡದೆಂದು ಸಮೀಕ್ಷೆಯ ನಿಯಮವೇ ಇದೆ. ನಮ್ಮ ಬೀದಿಯ ಒಂದೂವರೆ ಕೋಣೆಯ ಮನೆಗಳಲ್ಲಿ ಏಕಾಂತವನ್ನು ಎಲ್ಲಿಂದ ತರೋಣ, ಹೇಳಿ.

ಭಾಷೆಯ ತೊಡಕೂ ಸಣ್ಣದಲ್ಲ. 30 ದಾಟಿದವರ ಬಗ್ಗೆ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯೊಂದಿದೆ. ತಂಬಾಕು, ಸೊಂಟದ ಸುತ್ತಳತೆ, ಮನೆತನದಲ್ಲಿ ಬೀಪಿ, ಶುಗರ್ ಎಂದೆಲ್ಲ ಅಂಕ ಹಾಕಿ, ನಾಲ್ಕಕ್ಕಿಂತ ಹೆಚ್ಚಾದವರನ್ನು ಮೊದಲು ತಪಾಸಣೆಗೆ ಕಳಿಸುವ ಏರ್ಪಾಡು. ಕೊನೆಯಲ್ಲಿ ಮನಸ್ಸಿನ ಬಗ್ಗೆಯೂ ಎರಡು ಪ್ರಶ್ನೆಗಳಿವೆ. ನಮ್ಮ ಕಡೆ ದಖನಿ ಮಾತಾಡುವ ಹೆಂಗಸು 'ದಿಲ್ ಘಬ್ರಾತಾ' ಎಂದರೆ ಅದು ಎದೆಯ ರೋಗವಲ್ಲ, ಮಗಳ ಮದುವೆಯ ಸಾಲವಿರಬಹುದು, ದೂರದ ದೇಶದಿಂದ ಫೋನು ಮಾಡದ ಮಗನಿರಬಹುದು. ಕನ್ನಡದ ನಮೂನೆ ಹಿಡಿದ ಆಶಾ ಅದನ್ನು ಯಾವ ಮನೆಯಲ್ಲಿ ಬರೆಯಬೇಕು? ಉರ್ದುವಿನಲ್ಲೂ ಕನ್ನಡದಲ್ಲೂ ಓದಿದ ನಮಗೇ ಆ ಮಾತಿಗೆ ಸರಿಯಾದ ಕನ್ನಡ ಇನ್ನೂ ಸಿಕ್ಕಿಲ್ಲ. ಎದೆ ಡವಗುಟ್ಟುವುದು ಎಂದರೆ ಅರ್ಧ ಮಾತ್ರ ಬಂತು.

ಕೇಳುವುದು ಹೇಗೆ ಎಂಬುದಕ್ಕೆ ನಾವು ಮತ್ತೆ ಮತ್ತೆ ನೆನೆಯುವುದು ಮಹಾರಾಷ್ಟ್ರದ ಗಡ್‌ಚಿರೋಲಿಯನ್ನು. ಅಲ್ಲಿ ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಎರಡು ಹಳ್ಳಿಗಳ 650 ಹೆಂಗಸರನ್ನು ಮಾತನಾಡಿಸಿ ಪರೀಕ್ಷಿಸಿ, 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಶೇ. 92ರಷ್ಟು ಹೆಂಗಸರಿಗೆ ಗರ್ಭಕೋಶ, ಜನನಾಂಗಕ್ಕೆ ಸಂಬಂಧಿಸಿದ ಒಂದಲ್ಲ ಒಂದು ಕಾಯಿಲೆಯಿತ್ತು. ಹಿಂದೆ ಎಂದಾದರೂ ಅದಕ್ಕಾಗಿ ತಪಾಸಣೆಗೊಳಗಾದವರು ಶೇ. 8 ಮಾತ್ರ. ಅಲ್ಲಿಯವರೆಗೆ ಹಳ್ಳಿಯ ಹೆಣ್ಣಿನ ಆರೋಗ್ಯವೆಂದರೆ ಹೆರಿಗೆ ಮತ್ತು ಆಪರೇಷನ್ ಎಂದು ತಿಳಿದಿದ್ದವರಿಗೆ ಎರಡೇ ಹಳ್ಳಿಗಳು ಬೇರೆ ಮಾತು ಕೇಳಿಸಿದವು. ಗಮನಿಸಬೇಕಾದದ್ದು ಏನೆಂದರೆ, ಅಲ್ಲಿ ಬಸುರಿಯರನ್ನು ಮಾತ್ರ ಆರಿಸಿಕೊಂಡಿರಲಿಲ್ಲ.

ಜಿಲ್ಲಾವಾರು ಅಂಕಿ ಸಿಗತೊಡಗಿದ್ದೇ ನಾಲ್ಕನೆಯ ಸುತ್ತಿನಿಂದ. ಜಿಲ್ಲೆಯಿಂದ ಕೆಳಗೆ ಅದು ಇಳಿಯದು. ನಮ್ಮದು ರೇಷ್ಮೆ ನೂಲು ಬಿಚ್ಚುವ ಊರು. ಬೇಯುವ ಗೂಡಿನ ಬಿಸಿನೀರಲ್ಲಿ ದಿನವಿಡೀ ಕೈಯಾಡಿಸುವ ಹೆಂಗಸರ ಬೆರಳು ಬೆಂದ ಬದನೆಯ ಹಾಗಾಗಿರುತ್ತದೆ. ಹೊಗೆ, ಹುಳದ ವಾಸನೆ, ಕೆಮ್ಮು. ಹದಿಮೂರರ ಹುಡುಗ, ಮೂವತ್ತರ ತಾಯಿ, ಅರವತ್ತರ ಅಜ್ಜ ಒಂದೇ ಸೂರಿನಡಿ ಅದೇ ಹವೆ ಕುಡಿಯುತ್ತಾರೆ. ದೊಡ್ಡ ಸಮೀಕ್ಷೆ ಇಲ್ಲಿಗೆ ಬಂದು ಸೇದುತ್ತೀರಾ, ಕುಡಿಯುತ್ತೀರಾ ಎಂದು ಕೇಳಿ ಹೋಗುತ್ತದೆ. ಕರಾವಳಿಯಲ್ಲಿ ಬೀಡಿ ಸುತ್ತುವ ಹೆಂಗಸನ್ನೂ ತಂಬಾಕು ಬಳಸುತ್ತೀರಾ ಎಂದು ಕೇಳುತ್ತದೆ. ಆಕೆ ಬಳಸುವುದಿಲ್ಲ. ದಿನವಿಡೀ ಆಕೆಯ ಮಡಿಲಲ್ಲಿರುವ ಮೊರದ ತುಂಬ ತಂಬಾಕು.

ಹಾಗಾದರೆ ಮೊಹಲ್ಲಾದವರೇ ತಮ್ಮ ಸಮೀಕ್ಷೆ ಮಾಡಿಕೊಳ್ಳಲಿ ಎನ್ನುವುದು ಸುಲಭ. ಇಲ್ಲಿ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕು. 2020ರ ಏಪ್ರಿಲ್ ಮೊದಲ ವಾರ ಬೆಂಗಳೂರಿನ ಸಾದಿಕ್ ಲೇಔಟ್‌ನಲ್ಲಿ ಕೊರೋನಾ ಮಾಹಿತಿ ಕೇಳಲು ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಪೌರತ್ವ ಕಾಯ್ದೆ ಬಂದು ನಾಲ್ಕು ತಿಂಗಳಾಗಿರಲಿಲ್ಲ, ಹೆಸರು, ವಿಳಾಸ ಕೇಳಿದರೆ ಜನ ಬೆವರುತ್ತಿದ್ದ ದಿನಗಳವು. ಭಯಕ್ಕೆ ಕಾರಣವಿತ್ತು. ಕೈ ಮಾಡಿದ್ದಕ್ಕೆ ಇರಲಿಲ್ಲ. ಕೂಸಿಗೆ ಪೋಲಿಯೋ ಹನಿ ಹಾಕಲು ಬರುವವಳೂ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವವಳೂ ಅಂಥ ಹೆಣ್ಣುಮಗಳೇ. ಈ ಬಗ್ಗೆ ನಮ್ಮ ಜಮಾತುಗಳಲ್ಲಿ ಆದ ಚರ್ಚೆ ತೀರ ಕಡಿಮೆ. ಇನ್ನೊಂದು ಮಾತು. ಮಸೀದಿಯ ಕಮಿಟಿ ನಡೆಸುವ ಸಮೀಕ್ಷೆಯಲ್ಲಿ ಪ್ರಶ್ನೆ ಬರೆಯುವವರೂ ಉತ್ತರ ಹೇಳುವವರೂ ಗಂಡಸರೇ ಆದರೆ, ಮನೆಯಲ್ಲಿ ಎಲ್ಲರೂ ಖೈರಿಯತ್ ಎಂಬ ಉತ್ತರವೇ ಬರುವುದು. ಒಳಗಿನ ಬಾಗಿಲು ಆಗಲೂ ಮುಚ್ಚಿಯೇ ಇರುತ್ತದೆ.

ಜನರ ದೊಡ್ಡ ದೂರು ಬೇರೆಯೇ. ಕೇಳಿ ಹೋದವರು ಏನು ಕಂಡಿರಿ ಎಂದು ಹೇಳಲು ತಿರುಗಿ ಬರುವುದಿಲ್ಲ. ವರದಿ ಇಂಗ್ಲಿಷಿನಲ್ಲಿ ಮುಂಬಯಿಯಲ್ಲಿ ಸಿದ್ಧವಾಗುತ್ತದೆ, ನಮ್ಮಂಥ ಹತ್ತು ಜನ ಲೇಖನ ಬರೆಯಲು ಓದುತ್ತೇವೆ.

ಖಾಲಾ ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದರು. ಎರಡು ವರ್ಷದ ಮೇಲೆ ಕಾಲಿನ ಹುಣ್ಣು ಮಾಯದೆ ನಾವು ಅವರನ್ನು ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಶುಗರ್ ಯಾವಾಗಿನಿಂದ ಎಂದು ಕೇಳಿದರು. ಖಾಲಾ ಚೀಲ ಬಿಚ್ಚಿ ಚೀಟಿ ಮುಂದಿಟ್ಟರು. ಅದರಲ್ಲಿ ಇನ್ನೂರಕ್ಕೂ ಮೇಲಿನ ಅಂಕಿ ಇತ್ತು. ಅದೇನೆಂದು ತಮಗೆ ಯಾರೂ ಓದಿ ಹೇಳಿರಲಿಲ್ಲ ಎಂದರು. ಪಕ್ಕದ ಮನೆಯವರಾದ ನಾವೂ ಕೇಳಿ ನೋಡಿರಲಿಲ್ಲ.